ರಕ್ತ ಓದುವವಳು

ಬೆಳಕವಾಡಿಯ ಅಂಕಯ್ಯನ ಮನೆಯಲ್ಲಿ ಆ ಏಪ್ರಿಲ್ ತಿಂಗಳ ಜಗಳ ಶುರುವಾದದ್ದು ಮೊಮ್ಮಗಳು ಮೋಹಿನಿಯ ಓದಿನ ವಿಷಯಕ್ಕೆ. ಅದು ಅವಳ ತಾಯಿಯ ಕೆಲಸದ ಕಡೆಗೆ ತಿರುಗಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ.

ಮೋಹಿನಿ ಎರಡನೇ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ಅವಳ ಅಪ್ಪ ರಾಜೇಂದ್ರನಿಗೆ ಹತ್ತಿರದ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಪಾಳಿ ಕೆಲಸ. ತಾತ ಅಂಕಯ್ಯನೂ ಅಲ್ಲೇ ಮೂವತ್ತಾರು ವರ್ಷ ದುಡಿದು ನಿವೃತ್ತನಾದವನು. ತಾಯಿ ಶಶಿರೇಖಾ ಮಳವಳ್ಳಿಯ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಅಜ್ಜಿ ದೇವಿರಮ್ಮ ಎರಡು ವರ್ಷದಿಂದ ಒಲೆಯ ಮುಂದೆ ನಿಲ್ಲಲಾರದೆ ಅಡಿಗೆಮನೆಯನ್ನು ಸೊಸೆಗೆ ಬಿಟ್ಟಿದ್ದಳು. ಬಾಯಿ ಮಾತ್ರ ಬಿಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರೂ ಉಪ್ಸಾರು ಮುದ್ದೆಗೆ ಕೂತಿದ್ದರು.

"ಕಂಪ್ಯೂಟರ್ ಇಂಜಿನಿಯರಿಂಗ್ ತಕೊ. ಅದ್ರಲ್ಲಿ ಯೋಚ್ನೆ ಮಾಡಕೇನದೆ" ಅಂದ ರಾಜೇಂದ್ರ.

"ಅಪ್ಪಾ, ನಂಗೆ ಬಯಾಲಜಿ ಇಷ್ಟ. ಬಿಎಸ್ಸಿ ಮಾಡ್ತೀನಿ. ಈಗ ಜೀವಶಾಸ್ತ್ರದ ಸಂಶೋಧನೆಗೂ ಎಐ ಬಳಸ್ತಾರೆ. ಎರಡೂ ಗೊತ್ತಿರೋರು ಬೇಕಂತೆ."

"ಆ ಎಐ ಎಲ್ಲಾರ್ ಕೆಲ್ಸಾನೂ ತಿಂದಾಕ್ತದೆ ಅಂತ ದಿನಾ ಟೀವೀಲಿ ಬತ್ತದೆ. ನೀನೇ ಓಗಿ ಅದ್ರ ಬಾಯಿಗ್ ಬೀಳ್ತೀಯ?"

"ತಿನ್ನೋದನ್ನ ಸಾಕೋರೂ ಬೇಕಲ್ಲಪ್ಪ."

ಅಂಕಯ್ಯ ನಕ್ಕ. "ಮಂಡ್ಯದಲ್ಲಿ ಅದೇನೋ ಸಂಶೋಧನಾ ಕೇಂದ್ರದಲ್ಲಿ ಮಕ್ಕಳನ್ನ ಕರೆದವ್ರೆ ಅಂತಿದ್ದಲ್ಲ ಮಗ, ಓಗಿ ನೋಡ್ಕಂಡ್ ಬಾ. ನೋಡಿದ ಮೇಲೆ ಜಗಳಾಡೀರಂತೆ."

ಮಗಳೊಬ್ಬಳನ್ನೇ ಕಳಿಸಲು ಮನಸ್ಸಿಲ್ಲದೆ ಶಶಿರೇಖಾ ಶನಿವಾರ ರಜೆ ಹಾಕಿ ಜೊತೆಗೆ ಹೋದಳು.

ಮಂಡ್ಯದ ಆ ಕೇಂದ್ರದಲ್ಲಿ ಐವತ್ತು ಅರವತ್ತು ವಿದ್ಯಾರ್ಥಿಗಳು ಸೇರಿದ್ದರು. ಗಗನ ಎಂಬ ವಿಜ್ಞಾನಿ ಅವರಿಗೆಲ್ಲ ತಮ್ಮ ಕೆಲಸ ತೋರಿಸುತ್ತಿದ್ದಳು. ಮೂವತ್ತರ ಆಸುಪಾಸಿನ ಹೆಣ್ಣು, ಬೆಸಗರಹಳ್ಳಿಯವಳು. ಬಿಎಸ್ಸಿ ಓದಲು ದಿನಾ ಮದ್ದೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಿದ್ದೆ ಎಂದು ಮೊದಲೇ ಹೇಳಿ ಮಕ್ಕಳನ್ನು ನಗಿಸಿದ್ದಳು. ಗಾಜಿನ ಮೇಲೆ ಬಳಿದ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟರೆ ಅದು ರೋಗದ ಗುರುತು ಹುಡುಕುವಂತೆ ಮಾಡುವುದು ಅವರ ಸಂಶೋಧನೆ. ದೊಡ್ಡ ಪರದೆಯ ಮೇಲೆ ತಿಳಿಗೆಂಪು ರಕ್ತಕಣಗಳು ತುಂಬಿದ್ದವು. ಒಂದು ಕಣದ ಸುತ್ತ ಕಂಪ್ಯೂಟರ್ ತಾನೇ ಚೌಕ ಹಾಕಿತು.

"ಇಲ್ಲಿ ನೋಡಿ, ಮಲೇರಿಯಾ ಇದೆ ಅಂತ ಅದು ಹೇಳ್ತಿದೆ" ಅಂದಳು ಗಗನ.

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಶಶಿರೇಖಾ ಮಗಳ ಕಿವಿಯಲ್ಲಿ, "ಮಲೇರಿಯಾ ಅಲ್ಲ ಅದು" ಅಂದಳು. ಮೋಹಿನಿ ತಡೆಯಲಿಲ್ಲ, ಕೈಯೆತ್ತಿದಳು.

"ಮೇಡಂ, ಅದು ಮಲೇರಿಯಾ ಅಲ್ಲವಂತೆ. ನಮ್ಮಮ್ಮ ಹೇಳ್ತಿದ್ದಾರೆ."

ಎಲ್ಲರೂ ತಿರುಗಿ ನೋಡಿದರು. ಶಶಿರೇಖಾಳಿಗೆ ಎಲ್ಲಾದರೂ ಅಡಗಿಕೊಳ್ಳುವಂತಾಯಿತು. ಗಗನ ಮಾತ್ರ ಹತ್ತಿರ ಬಂದು, "ಯಾಕಲ್ಲ? ಹೇಳಿ" ಎಂದು ಕೇಳಿದಳು.

"ಅದು ಪ್ಲೇಟ್ಲೆಟ್ಟು ಮೇಡಂ. ಕಣದ ಮೇಲೆ ಕೂತ್ಕೊಂಡದೆ, ಒಳಗಿಲ್ಲ. ಸುತ್ತ ಬೆಳ್ಳಗೆ ಗೆರೆ ಕಾಣ್ತದಲ್ಲ. ಹೊಸಬರು ಎಲ್ರೂ ಇಲ್ಲೇ ತಪ್ಪೋದು."

ಗಗನ ಪರದೆಯ ಹತ್ತಿರ ಹೋಗಿ ಚಿತ್ರ ದೊಡ್ಡದು ಮಾಡಿ ನೋಡಿದಳು. "ಹೌದು. ನಮ್ಮ ಕಂಪ್ಯೂಟರೂ ಹೊಸದೇ" ಅಂದಳು. ಮಕ್ಕಳು ನಕ್ಕರು.

ಎಲ್ಲ ಮುಗಿದ ಮೇಲೆ ಗಗನ ತಾಯಿ ಮಗಳನ್ನು ತನ್ನ ಕೋಣೆಗೆ ಕರೆದು ಟೀ ಕೊಟ್ಟಳು. ಮೋಹಿನಿಗೆ ಯಾವ ಕೋರ್ಸು, ಮುಂದೆ ಏನೇನು ದಾರಿ ಇದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಆಮೇಲೆ ಶಶಿರೇಖಾಳ ಕಡೆ ತಿರುಗಿದಳು.

"ಅಕ್ಕ, ನಮ್ಮಲ್ಲಿ ಕಂಪ್ಯೂಟರ್ ಗೊತ್ತಿರೋರು ಆರು ಜನ ಇದ್ದಾರೆ. ಹದಿನೇಳು ವರ್ಷ ರಕ್ತ ನೋಡಿರೋರು ಒಬ್ಬರೂ ಇಲ್ಲ. ವಾರಕ್ಕೆ ಎರಡು ದಿನ ಬರ್ತೀರಾ? ಒಂದೊಂದೇ ಚಿತ್ರ ನೋಡಿ ಯಾವುದು ಏನು ಅಂತ ನೀವು ಗುರುತು ಹಾಕಬೇಕು, ಅದು ಅದನ್ನೇ ನೋಡಿ ಕಲಿಯುತ್ತೆ."

"ನಾನು ಓದಿರೋದು ಬರೀ ಲ್ಯಾಬ್ ಡಿಪ್ಲೊಮಾ ಮೇಡಂ."

"ಪೂರ್ತಿ ಕೆಲಸಕ್ಕೆ ಸೇರೋದಾದರೆ ಡಿಗ್ರಿಗೆ ಸೇರಿರಬೇಕು. ದೂರಶಿಕ್ಷಣದಲ್ಲಿ ಕೆಲಸ ಮಾಡ್ತಾನೇ ಮುಗಿಸಬಹುದು. ಮೂರು ವರ್ಷ. ಅದನ್ನ ಆಮೇಲೆ ಯೋಚಿಸೋಣ."

ವಾಪಸ್ ಬರುವಾಗ ಬಸ್ಸಿನಲ್ಲಿ ಕೆಲಸಕ್ಕೆ ಹೋಗ್ತೀಯಾ ಎಂದು ಮಗಳು ಎರಡು ಸಲ ಕೇಳಿದ ಮೇಲೆ ಶಶಿರೇಖಾ, "ನಿನ್ನ ಕೆಲಸಕ್ಕೆ ಅಂತ ಹೋಗಿ ಇದೇನೇ ಆಯ್ತು" ಅಂದಳು.

ಮನೆಯಲ್ಲಿ ಮೋಹಿನಿಯೇ ಎಲ್ಲ ಹೇಳಿದಳು. ದೇವಿರಮ್ಮ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ಮಂಡ್ಯಕ್ಕಾ? ಬೆಳಗ್ಗೆ ಏಳಕ್ಕೆ ಒಂಟ್ರೆ ಬರದು ರಾತ್ರಿ ಎಂಟಾಯ್ತದೆ. ಇಲ್ಲಿ ಇಟ್ಟು ತಿರುವೋರು ಯಾರು? ನನ್ ಬೆನ್ನಿಗ್ ನೀರು ಉಯ್ಯೋರು ಯಾರು?"

"ಎರಡೇ ದಿನ ಅತ್ತೆ. ಗುರುವಾರ, ಶನಿವಾರ."

"ಇವತ್ತು ಎರಡು. ನಾಳೆ ಆರು. ನಂಗೊತ್ತಿಲ್ವ? ನಲವತ್ತೊಂದು ವರ್ಸ ನಿಂಗೆ. ಮಗಳು ಓದೋ ಒತ್ನಲ್ಲಿ ನೀನ್ ಓದಕ್ಕೆ ಒಂಟಿದ್ದೀಯ. ನೋಡ್ದೋರು ಏನಂದಾರು?"

"ನೋಡ್ದೋರು ಅಂದ್ರೆ ಯಾರಜ್ಜಿ?" ಅಂದಳು ಮೋಹಿನಿ.

"ನೀ ಸುಮ್ಕಿರು."

ಶಶಿರೇಖಾ ಗಂಡನ ಮುಖ ನೋಡಿದಳು. ರಾಜೇಂದ್ರ ಚಟ್ನಿ ನೆಂಚಿಕೊಳ್ಳುತ್ತಾ, "ಅವ್ವ ಯೋಳೋದೂ ಸರೀಗದೆ" ಅಂದ. ಸ್ವಲ್ಪ ಹೊತ್ತಾದ ಮೇಲೆ, "ನಿಂಗೆ ಓಗ್ಬೇಕು ಅನ್ಸಿದ್ರೆ ಓಗು, ನಾನೇನ್ ಬ್ಯಾಡ ಅನ್ನಕಿಲ್ಲ" ಎಂದು ಸೇರಿಸಿದ. ಆ ಮಾತಿನಿಂದ ಇಬ್ಬರು ಹೆಂಗಸರಿಗೂ ಸಮಾಧಾನವಾಗಲಿಲ್ಲ.

ಬೆಳಿಗ್ಗೆ ಅಂಕಯ್ಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಸೊಸೆಯ ಹತ್ತಿರ ಬಂದು ಕಲ್ಲಿನ ಮೇಲೆ ಕೂತ.

"ನಾನು ಪವರ್ ಹೌಸ್ನಲ್ಲಿ ಗಂಟೆಗೊಂದ್ಸಲ ಮೀಟ್ರು ನೋಡಿ ಪುಸ್ತಕದಲ್ಲಿ ಬರೀತಿದ್ದೆ ಕಣಮ್ಮ. ಒಂದಿನ ಕಂಪ್ಯೂಟ್ರು ತಂದ್ರು. ಆಕಕ್ಕೆ ಬಂದೋರು ನಮ್ಮನ್ನ ಕೂರುಸ್ಕಂಡು ಕೇಳಿದ್ರು, ಯಾವ ಮೀಟ್ರು ಸರಿ, ಯಾವುದು ಸುಳ್ಳು ಯೋಳ್ತದೆ ಅಂತ. ಎಲ್ಲಾ ಯೋಳ್ಕೊಟ್ಟೊ. ಎಂಟ್ ಜನ ಇದ್ದ ಜಾಗದಲ್ಲಿ ಇಬ್ರು ಉಳುದ್ರು. ಯೋಳ್ಕೊಟ್ಟೋರ ಎಸರು ಎಲ್ಲೂ ಇಲ್ಲ."

"ಅಂದ್ರೆ ಹೋಗಬೇಡ ಅಂತೀರಾ ಮಾವ?"

"ನಾನೆಲ್ಲಂದೆ ಅಂಗೆ? ಓಗು. ಓಗಿ ಮೊದ್ಲು ಕೇಳು, ನನ್ ಎಸರು ಎಲ್ ಬರೀತೀರಿ ಅಂತ."

ಮೊದಲ ಗುರುವಾರವೇ ಶಶಿರೇಖಾ ಅದನ್ನು ಕೇಳಿದಳು. ಕೇಳುವಾಗ ಮಾತು ತಡವರಿಸಿತು. ಗಗನ ನಗಲಿಲ್ಲ. ಪ್ರಕಟಿಸಲಿರುವ ಸಂಶೋಧನಾ ಪ್ರಬಂಧದ ಕರಡು ತೆಗೆದು, ಹೆಸರುಗಳ ಸಾಲಿನ ಕೊನೆಯಲ್ಲಿ ಅವಳ ಕಣ್ಣೆದುರಿಗೇ ಶಶಿರೇಖಾ ಎಂದು ಸೇರಿಸಿದಳು. ಇನಿಷಿಯಲ್ ಏನೆಂದು ಕೇಳಿ ಅದನ್ನೂ ಹಾಕಿದಳು.

ನರ್ಸಿಂಗ್ ಹೋಮಿನ ಡಾಕ್ಟರ್ ಮಹದೇವು ವಾರಕ್ಕೆ ಎರಡು ದಿನದ ರಜೆಗೆ ಒಪ್ಪಿದರು. "ನೀನು ಅದಕ್ಕೆ ಎಲ್ಲ ಕಲಿಸಿಬಿಟ್ಟರೆ, ಆಮೇಲೆ ನಾನು ಅದನ್ನೇ ತಂದು ಇಟ್ಕೋತೀನಿ" ಎಂದು ಹೆದರಿಸಿದರು. ತಮಾಷೆಯೋ ನಿಜವೋ ಅವಳಿಗೆ ಗೊತ್ತಾಗಲಿಲ್ಲ.

ಗುರುವಾರ ಶನಿವಾರ ಮನೆಯ ಕೆಲಸ ಹಂಚಿಕೆಯಾಯಿತು. ಬೆಳಗಿನ ತಿಂಡಿ ಶಶಿರೇಖಾಳೇ ಐದಕ್ಕೆ ಎದ್ದು ಮಾಡಿಡುತ್ತಿದ್ದಳು. ಅಜ್ಜಿಯ ಸ್ನಾನ, ಪಾತ್ರೆ ಮೋಹಿನಿಗೆ. ತರಕಾರಿ, ಹಾಲು ಅಂಕಯ್ಯನಿಗೆ. ಸಂಜೆಯ ಮುದ್ದೆ ರಾಜೇಂದ್ರನಿಗೆ ಬಂತು. ಮೊದಲ ದಿನ ಅವನು ನೀರು ಕುದಿಯುವ ಮೊದಲೇ ಹಿಟ್ಟು ಸುರಿದ.

ದೇವಿರಮ್ಮ ಮುದ್ದೆ ಮುರಿದು ನೋಡಿದಳು. ಒಳಗೆ ಬಿಳಿ ಬಿಳಿ ಹಸಿ ಹಿಟ್ಟಿನ ಗಂಟು.

"ಇದೇನ್ಲಾ ಇದು?"

"ಮುದ್ದೆ ಕಣವ್ವ."

"ಇದುನ್ನ ಮುದ್ದೆ ಅಂತಾರಾ? ನಂಗ್ ಬ್ಯಾಡ. ಅಸ್ವಿಲ್ಲ." ತಟ್ಟೆ ಸರಿಸಿ ಮಂಚಕ್ಕೆ ಹೋದಳು.

ಎಂಟೂಕಾಲಕ್ಕೆ ಬಂದ ಶಶಿರೇಖಾ ಚೀಲ ಇಟ್ಟವಳೇ ಅತ್ತೆಗೆ ಅನ್ನ ಹಾಲು ಕಲಸಿಕೊಂಡು ಹೋದಳು. ದೇವಿರಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು.

"ಅತ್ತೆ, ಎರಡು ತುತ್ತು."

"ನೀನ್ ಬರೋಗಂಟ ಕಾಯಕ್ಕೆ ನನ್ ಕೈಲಾಗಕಿಲ್ಲ ಸಸಿ. ಎದ್ದು ನಿಂತ್ರೆ ತಲೆ ಗಿರ್ ಅಂತದೆ, ಎರಡೆಜ್ಜೆ ಆಕುದ್ರೆ ಏದುಸ್ರು. ನಿಮ್ಗೆಲ್ಲಾ ಮುದ್ಕಿ ನಾಟ್ಕ ಆಡ್ತಾಳೆ ಅಂತ."

ಶಶಿರೇಖಾಳ ಮನಸ್ಸಿನಲ್ಲಿ ಆ ಕ್ಷಣ ಹಾಗೇ ಇತ್ತು. ತಟ್ಟೆ ಅಲ್ಲೇ ಇಟ್ಟು ಬಂದಳು. ಆಮೇಲೆ ಮೂರು ವಾರ ಅತ್ತೆ ಸೊಸೆ ನಡುವೆ ನೇರ ಮಾತಿರಲಿಲ್ಲ. ಮಧ್ಯದಲ್ಲಿ ಮೋಹಿನಿ ಓಡಾಡುತ್ತಿದ್ದಳು: ಅಜ್ಜಿ ಟವಲ್ ಕೇಳ್ತಾಳೆ, ಅಮ್ಮ ಊಟ ಮಾಡಿದ್ರಾ ಅಂತ ಕೇಳ್ತಾಳೆ.

ಮಂಡ್ಯದ ಆ ಎರಡು ದಿನ ಮಾತ್ರ ಶಶಿರೇಖಾಳಿಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಅವಳು ಹೇಳಿದ್ದನ್ನು ಆರು ಜನ ಬರೆದುಕೊಳ್ಳುತ್ತಿದ್ದರು. "ಇದು ಯಾಕೆ ಹೀಗೆ" ಎಂದು ಅವರು ಕೇಳಿದಾಗ, ಇಷ್ಟು ವರ್ಷ ಕಣ್ಣಿನಲ್ಲೇ ಗೊತ್ತಿದ್ದದ್ದಕ್ಕೆ ಮಾತು ಹುಡುಕಬೇಕಾಗುತ್ತಿತ್ತು. ಕೆಲವಕ್ಕೆ ಉತ್ತರ ತನಗೇ ಗೊತ್ತಿಲ್ಲ ಎಂದು ತಿಳಿದಾಗ, ಅದನ್ನು ಓದಿ ತಿಳಿಯಬೇಕು ಅನ್ನಿಸಿತು. ಊಟದ ಹೊತ್ತಿನಲ್ಲಿ ಗಗನ ತಂದುಕೊಟ್ಟ ಪುಸ್ತಕವನ್ನು ಬಸ್ಸಿನಲ್ಲಿ ಓದತೊಡಗಿದಳು.

ಮೇ ತಿಂಗಳ ಮಧ್ಯದಲ್ಲಿ ಗಗನ ಒಂದು ತೊಂದರೆ ಹೇಳಿದಳು. ಕಂಪ್ಯೂಟರಿಗೆ ಇದುವರೆಗೆ ಕೊಟ್ಟಿದ್ದ ಚಿತ್ರಗಳೆಲ್ಲ ಒಂದು ದೊಡ್ಡ ಊರಿನ ಆಸ್ಪತ್ರೆಯವು. ಹಳ್ಳಿಯ ಜನರ, ಅದರಲ್ಲೂ ವಯಸ್ಸಾದವರ ರಕ್ತ ಅದಕ್ಕೆ ಗೊತ್ತೇ ಇಲ್ಲ. "ನಿಮ್ಮೂರಲ್ಲಿ ಒಂದು ಶಿಬಿರ ಮಾಡೋಣವಾ ಅಕ್ಕ?"

ಭಾನುವಾರ ಬೆಳಿಗ್ಗೆ ಬೆಳಕವಾಡಿಯ ಶಾಲೆಯಲ್ಲಿ ಮೇಜು, ಸೂಕ್ಷ್ಮದರ್ಶಕ, ಕಂಪ್ಯೂಟರ್ ಎಲ್ಲ ಸಿದ್ಧವಾಯಿತು. ಅಂಕಯ್ಯ ಕೇರಿ ಕೇರಿ ತಿರುಗಿ ಹೇಳಿ ಬಂದಿದ್ದ. ಜನ ಬಂದರು, ಆದರೆ ಬಾಗಿಲ ಹೊರಗೇ ನಿಂತರು. ಕಂಪ್ಯೂಟರಿಗೆ ರಕ್ತ ಕುಡಿಸುತ್ತಾರಂತೆ ಎಂದು ಯಾರೋ ಹಬ್ಬಿಸಿದ್ದರು.

"ಕೆಂಪಸಿದ್ದಣ್ಣ, ಒಂದೇ ಹನಿ. ಬನ್ನಿ" ಎಂದು ಶಶಿರೇಖಾ ಪಕ್ಕದ ಮನೆಯ ಕೆಂಪಸಿದ್ದಯ್ಯನನ್ನು ಕರೆದಳು.

"ಮೊದ್ಲು ಬೇರೇರು ಆಗ್ಲಿ ಕಣವ್ವ, ಆಮೇಲ್ ನೋಡವ" ಅಂದ ಅವನು. ಒಂದು ಗಂಟೆ ಹಾಗೇ ಹೋಯಿತು. ಶಶಿರೇಖಾಳಿಗೆ ತನ್ನ ಊರಿನವರ ಮುಂದೆ ತಲೆ ತಗ್ಗಿತು.

ಆಗ ದೇವಿರಮ್ಮ ಬಂದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕಡೆ ಮೋಹಿನಿ. ಮನೆಯಿಂದ ಶಾಲೆಗೆ ಇನ್ನೂರು ಹೆಜ್ಜೆ. ಅಷ್ಟಕ್ಕೆ ಮೂರು ಕಡೆ ಕೂತು ಬಂದಿದ್ದಳು. ನಿಂತಿದ್ದವರನ್ನು ಕೋಲಿನಿಂದಲೇ ಸರಿಸಿ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಉಸಿರು ಹಿಡಿದುಕೊಂಡು ಹೊರಗಿನವರಿಗೆ ಕೇಳುವಂತೆ ಅಂದಳು:

"ನನ್ ಸೊಸೆ ಅದಿನೇಳು ವರ್ಸದಿಂದ ತಾಲೂಕಿನ ಜನುಕ್ಕೆಲ್ಲ ಚುಚ್ಚವಳೆ. ಯಾರ್ ಸತ್ತವ್ರೆ?" ಆಮೇಲೆ ಸೊಸೆಯ ಕಡೆ ಬೆರಳು ಚಾಚಿ ತಗ್ಗಿದ ದನಿಯಲ್ಲಿ, "ನಿಧಾನುಕ್ ಚುಚ್ಚು" ಅಂದಳು.

ಮೂರು ವಾರದಲ್ಲಿ ನೇರವಾಗಿ ಆಡಿದ ಮೊದಲ ಮಾತು. ಶಶಿರೇಖಾ ಅತ್ತೆಯ ಕೈ ಹಿಡಿದುಕೊಂಡಳು. ಬೆರಳು ತಣ್ಣಗಿತ್ತು. ಉಗುರು ಬಿಳುಚಿಕೊಂಡು ಚಮಚದ ಹಾಗೆ ಹಳ್ಳ ಬಿದ್ದಿತ್ತು. ದಿನಾ ಕಾಣುವ ಕೈಯನ್ನು ಅವಳು ಎಷ್ಟೋ ತಿಂಗಳಿಂದ ನೋಡಿಯೇ ಇರಲಿಲ್ಲ.

ಹೊರಗಿನವರು ಒಬ್ಬೊಬ್ಬರೇ ಒಳಗೆ ಬಂದರು. ಮಧ್ಯಾಹ್ನದ ಹೊತ್ತಿಗೆ ಸಾಲು ಬೇಲಿಯವರೆಗೂ ಬೆಳೆಯಿತು.

ಗಾಜುಗಳಿಗೆ ಬಣ್ಣ ಹಾಕಿ, ಒಣಗಿಸಿ, ಫೋಟೊ ತೆಗೆದು ಕಂಪ್ಯೂಟರಿಗೆ ಕೊಟ್ಟಾಗ ದೇವಿರಮ್ಮನದಕ್ಕೆ ಅದು ಹಸಿರು ಗುರುತು ಹಾಕಿತು. ತೊಂದರೆ ಇಲ್ಲ ಎಂದರ್ಥ. ಶಶಿರೇಖಾ ನಂಬಲಿಲ್ಲ. ಗಾಜನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ತಾನೇ ನೋಡಿದಳು. ಕಣಗಳು ಚಿಕ್ಕವು, ನಡುವೆ ಖಾಲಿ, ಅಂಚಿನಲ್ಲಷ್ಟೇ ಬಣ್ಣ. ಅಲ್ಲಲ್ಲಿ ಪೆನ್ಸಿಲಿನ ಹಾಗೆ ಉದ್ದಕ್ಕೆ ಎಳೆದಂಥವು. ರಕ್ತಹೀನತೆಯ ಗುರುತು.

"ಮೇಡಂ, ಇಲ್ಲಿ ಬನ್ನಿ" ಅಂದಳು. ಎದ್ದು ಗಗನಳಿಗೆ ಜಾಗ ಬಿಟ್ಟಳು.

ಸೋಮವಾರ ಅತ್ತೆಯನ್ನು ಮಳವಳ್ಳಿಗೆ ಕರೆದುಕೊಂಡು ಹೋದಳು. ಹನ್ನೆರಡರ ಮೇಲೆ ಇರಬೇಕಾದ ಹಿಮೋಗ್ಲೋಬಿನ್ ಆರೂಮುಕ್ಕಾಲು ಇತ್ತು. ಡಾಕ್ಟರ್ ಮಹದೇವು, "ಮಂಡಿನೋವಿಗೆ ಏನು ನುಂಗ್ತೀರಮ್ಮ?" ಎಂದು ಕೇಳಿದರು. ದೇವಿರಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ಪಟ್ಟಿ ತೆಗೆದಳು. ಮೆಡಿಕಲ್ ಶಾಪಿನಿಂದ ಯಾರಿಗೂ ಹೇಳದೆ ತರಿಸಿಕೊಂಡು ಎರಡು ವರ್ಷದಿಂದ ದಿನಕ್ಕೆರಡು ನುಂಗುತ್ತಿದ್ದಳು. ಆ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಸ್ವಲ್ಪಸ್ವಲ್ಪವೇ ರಕ್ತ ಹೋಗಿರಬೇಕು ಎಂದರು ಡಾಕ್ಟರು. ಎರಡು ದಿನ ಮಲಗಿಸಿಕೊಂಡು ರಕ್ತ ಕೊಟ್ಟು, ಹೊಟ್ಟೆಗೆ ಬೇರೆ ಔಷಧಿ, ಕಬ್ಬಿಣಾಂಶದ ಮಾತ್ರೆ ಬರೆದು ಕಳಿಸಿದರು.

ಬುಧವಾರ ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಶಶಿರೇಖಾ ಹೇಳಿದಳು, "ನಾಳೆಯಿಂದ ನಾನು ಮಂಡ್ಯಕ್ಕೆ ಹೋಗಲ್ಲ. ಗಗನ ಮೇಡಂಗೆ ಫೋನ್ ಮಾಡಿ ಹೇಳ್ತೀನಿ."

"ಯಾಕೆ?" ಅಂದ ರಾಜೇಂದ್ರ.

"ಯಾಕೆ ಅಂದ್ರೆ? ಊರವರ ರಕ್ತ ಎಲ್ಲಾ ನೋಡ್ದೆ. ಮನೇಲಿರೋರು ತಲೆ ಸುತ್ತತದೆ ಅಂದ್ರೆ ನಾಟಕ ಅಂದ್ಕೊಂಡೆ." ಅವಳ ಕಣ್ಣು ತುಂಬಿತು. ತಟ್ಟೆಯ ಮೇಲೆ ಬಗ್ಗಿದಳು.

ದೇವಿರಮ್ಮ ಈಲಿ, ಅಂದರೆ ಕುರಿಯ ಲಿವರು, ಹುರಿದದ್ದನ್ನು ಅಗಿಯುತ್ತಿದ್ದಳು. ರಕ್ತ ಹೆಚ್ಚಲೆಂದು ಅಂಕಯ್ಯ ಬೆಳಿಗ್ಗೆಯೇ ಹೋಗಿ ತಂದದ್ದು.

"ನಾನೇನ್ ನಿಂಗ್ ಯೋಳಿದ್ನ, ಕದ್ದು ಮಾತ್ರೆ ನುಂಗ್ತೀನಿ ಅಂತ?" ಅಂದಳು. "ಯೋಳಿದ್ರೆ ನೀನು ಬೈತಿದ್ದೆ. ಅದ್ಕೇ ಯೋಳ್ಳಿಲ್ಲ. ತೆಪ್ಪು ನಂದೂ ಅದೆ."

"ಅದಲ್ಲ ಅತ್ತೆ—"

"ಕೇಳಿಲ್ಲಿ. ಆ ಕಂಪ್ಯೂಟ್ರು ನನ್ನ ನೋಡಿ ಏನೂ ಇಲ್ಲ ಅಂತಲ್ಲ?"

"ಅಂತು."

"ನೀನು ಅಲ್ ಇಲ್ದಿದ್ರೆ ನನ್ನಂಗೇ ಇರೋ ಮುದುಕೀರ್ಗೆಲ್ಲ ಅಂಗೇ ಅಂತಿರ್ತದೆ. ಏನೂ ಇಲ್ಲ, ಮನೆಗೋಗು ಅಂತ. ಓಗಿ ಸರಿಯಾಗ್ ಕಲುಸು ಅದ್ಕೆ. ನಿನ್ ಗಂಡನ್ ಮುದ್ದೆ ತಿಂದ್ರೆ ನಾನೇನ್ ಸಾಯಕಿಲ್ಲ."

ಮೋಹಿನಿ ನಕ್ಕಳು. ಆಮೇಲೆ ಅಂಕಯ್ಯ, ಕಡೆಗೆ ಶಶಿರೇಖಾಳೂ ಕಣ್ಣೊರೆಸಿಕೊಂಡು ನಕ್ಕಳು. ರಾಜೇಂದ್ರ ಮಾತ್ರ ನಗಲಿಲ್ಲ. ಕೈ ತೊಳೆದು ಬಂದು ಮಗಳ ಪಕ್ಕ ಕೂತ.

"ಅವತ್ತು ಗಗನ ಮೇಡಂ ಒಂದ್ ಆಳೆ ಬರ್ಕೊಟ್ಟಿದ್ರು ಅಂದಲ್ಲ, ತತ್ತಾ."

ಮೋಹಿನಿ ತಂದುಕೊಟ್ಟಳು. ರಾಜೇಂದ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಜೀವಶಾಸ್ತ್ರ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಮೂರೂ ಇರುವ ಬಿಎಸ್ಸಿ. ಮಂಡ್ಯದಲ್ಲೇ ಒಂದು ಕಾಲೇಜು.

"ಇದು ಮುಗ್ದ ಮೇಲೆ ಕೆಲ್ಸ ಸಿಕ್ತದೆ ಅಂತ ಬರೆದಿಲ್ಲ ಇಲ್ಲಿ."

"ಇಂಜಿನಿಯರಿಂಗ್ ಮುಗಿದ ಮೇಲೂ ಸಿಕ್ತದೆ ಅಂತ ಎಲ್ಲೂ ಬರೆದಿಲ್ಲಪ್ಪ."

"ಅದೂ ನಿಜ." ಅವನು ಹಾಳೆ ಮಡಿಸಿ ವಾಪಸ್ ಕೊಟ್ಟ. "ಇದುನ್ನೇ ಓದು. ಮೂರು ವರ್ಸ ಆದ್ಮೇಲೆ ನನ್ ಬೈಬ್ಯಾಡ ಅಷ್ಟೆ."

ಜೂನ್ ತಿಂಗಳು ಅರ್ಜಿ ತುಂಬುವುದರಲ್ಲೇ ಕಳೆಯಿತು. ಗಗನ ಈಗ ಪೂರ್ತಿ ಕೆಲಸಕ್ಕೇ ಕರೆದಿದ್ದಳು, ಶಶಿರೇಖಾ ಒಪ್ಪಿದ್ದಳು. ಒಂದು ಸಂಜೆ ಮೋಹಿನಿ ತನ್ನ ಕಾಲೇಜಿನ ಅರ್ಜಿಯನ್ನೂ, ಶಶಿರೇಖಾ ದೂರಶಿಕ್ಷಣದ್ದನ್ನೂ ಒಂದೇ ಫೋನಿನಲ್ಲಿ ತುಂಬಿದರು. ಡಾಕ್ಟರ್ ಮಹದೇವುಗೆ ಕೆಲಸ ಬಿಡುತ್ತೇನೆಂದು ಹೇಳಿದ ದಿನ ಅವರು, "ಆ ಕಂಪ್ಯೂಟರ್ ತರೋ ವಿಷಯ ತಮಾಷೆಗಂದೆ ಕಣಮ್ಮ. ಅಲ್ಲಿ ಸರಿಹೋಗದಿದ್ದರೆ ವಾಪಸ್ ಬಾ" ಅಂದರು.

ದೇವಿರಮ್ಮನ ಹಿಮೋಗ್ಲೋಬಿನ್ ಹತ್ತಕ್ಕೆ ಬಂತು. ಈಗ ಬೀದಿ ತುದಿಯವರೆಗೂ ಒಂದೇ ಉಸಿರಿಗೆ ಹೋಗಿ ಬರುತ್ತಿದ್ದಳು. ಮಂಡಿನೋವು ಮಾತ್ರ ಹಾಗೇ ಇತ್ತು. ಎಣ್ಣೆ ತಿಕ್ಕುವ ಕೆಲಸ ಅಂಕಯ್ಯನ ಪಾಲಿಗೆ ಬಂತು. ಅವನು ಸರಿಯಾಗಿ ತಿಕ್ಕುವುದಿಲ್ಲವೆಂದು ದಿನಾ ಒಂದು ಜಗಳ ನಡೆಯುತ್ತಿತ್ತು.

ಜುಲೈ ಮೊದಲ ಸೋಮವಾರ ಶಶಿರೇಖಾ ಮತ್ತು ಮೋಹಿನಿ ಮಳವಳ್ಳಿಯಲ್ಲಿ ಮದ್ದೂರು ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸು ಹತ್ತಿದರು. ಮಗಳಿಗೆ ಕಾಲೇಜಿನ ಮೊದಲ ದಿನ. ತಾಯಿಗೆ ಪೂರ್ತಿ ಕೆಲಸದ ಮೊದಲ ದಿನ. ಇಬ್ಬರೂ ಒಂದೇ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು.

"ಅಮ್ಮ, ನಂಗೆ ಹೆದರಿಕೆ ಆಗ್ತದೆ" ಅಂದಳು ಮೋಹಿನಿ.

"ನಂಗೂ ಕಣೆ."

ಕಂಡಕ್ಟರ್ ಬಂದು ಇಬ್ಬರ ಆಧಾರ್ ಕಾರ್ಡು ನೋಡಿ ಟಿಕೆಟ್ ಹರಿದ. "ಏನಕ್ಕ, ಮಗಳನ್ನ ಕಾಲೇಜಿಗೆ ಬುಟ್ಬರಕ್ಕಾ?"

ಶಶಿರೇಖಾ ಬಾಯಿ ತೆರೆಯುವ ಮೊದಲೇ ಮೋಹಿನಿ ಹೇಳಿದಳು, "ಇಲ್ಲ ಕಣಣ್ಣ. ನಾನು ಕಾಲೇಜಿಗೆ. ನಮ್ಮಮ್ಮ ಸಂಶೋಧನೆಗೆ."

"ಔದಾ" ಅಂದ ಕಂಡಕ್ಟರ್, ಮತ್ತೊಮ್ಮೆ ಶಶಿರೇಖಾಳನ್ನು ನೋಡಿ ಮುಂದಿನ ಸೀಟಿಗೆ ಹೋದ.

ಶಶಿರೇಖಾ ಕಿಟಕಿಯ ಕಡೆ ತಿರುಗಿದಳು. ಬಸ್ಸು ಮಳವಳ್ಳಿ ದಾಟಿ ಕಬ್ಬಿನ ಗದ್ದೆಗಳ ನಡುವೆ ಬರುವವರೆಗೂ ಈ ಕಡೆ ಮುಖ ಮಾಡಲಿಲ್ಲ. ಮೋಹಿನಿ ತಾಯಿಯ ಕೈಯನ್ನು ತನ್ನ ಚೀಲದ ಮೇಲೆ ಎಳೆದು ಇಟ್ಟುಕೊಂಡು ಕೂತಳು.